ಹೆಪ್ಪಿನಕ್ಕನ ತೊಟ್ಟಿ

ತಂಗಿ ತೀರಿಕೊಂಡ ಸುದ್ದಿ ಬಂದಾಗ ದೊಡ್ಡಣ್ಣ ಅವಳದೇ ಕೆಲಸದಲ್ಲಿದ್ದ. ಕಾಗದದ ಕಾರ್ಖಾನೆಯ ಎರಡನೇ ತೊಟ್ಟಿಯಲ್ಲಿ ಬೇಯಿಸಿ ತೊಳೆದ ಗೋಧಿಹುಲ್ಲಿನ ತಿರುಳು ತುಂಬಿತ್ತು. ಅವಳು ಕಳಿಸಿಕೊಟ್ಟಿದ್ದ ಕಿಣ್ವವನ್ನು ಅದಕ್ಕೆ ಸುರಿದು, ಕಲಕುವ ಯಂತ್ರ ಹಾಕಿ, ಬಿಸಿ ಹದಕ್ಕೆ ಬರುವಷ್ಟು ಉಗಿ ಬಿಟ್ಟು, ಅವನು ಆಗತಾನೇ ಕೈ ಒರೆಸಿಕೊಳ್ಳುತ್ತಿದ್ದ. ಗೇಟಿನ ಕಾವಲುಗಾರ ಬಂದು ಎದುರಿಗೆ ನಿಂತು ಟೋಪಿ ತೆಗೆದ.

“ನಿಮ್ಮ ಭಾವ ಫೋನ್ ಮಾಡಿದ್ರು, ದೊಡ್ಡಣ್ಣ. ಆಸ್ಪತ್ರೆಯಿಂದ,” ಎಂದವನು ಟೋಪಿಯನ್ನೇ ತಿರುವುತ್ತ ನಿಂತ.

ದೊಡ್ಡಣ್ಣ ಹಾಗೇ ಗೇಟಿನತ್ತ ಓಡಿದ. ಮ್ಯಾನೇಜರರೇ ತಮ್ಮ ಕಾರಿನಲ್ಲಿ ಕೂರಿಸಿಕೊಂಡು ಹೊರಟರು. ತೊಟ್ಟಿಯನ್ನು ನೋಡಿಕೊಳ್ಳಿ ಎಂದು ಯಾರಿಗಾದರೂ ಹೇಳಬೇಕೆಂಬುದು ಇಬ್ಬರಿಗೂ ಹೊಳೆಯಲಿಲ್ಲ.

ಅಪ್ಪ ಅಮ್ಮ ಬೇಗನೆ ಕಣ್ಣು ಮುಚ್ಚಿದ್ದರಿಂದ ತಂಗಿಯನ್ನು ಸಾಕಿದವನು ಅವನೇ. ಬಿಳುಪು ಮಾಡುವ ವಿಭಾಗದಲ್ಲಿ ದಿನವಿಡೀ ಕ್ಲೋರಿನ್ ಗಾಳಿ ಕುಡಿದು ಬಂದು, ಊಟದ ನಡುವೆ ಎದ್ದು ಹೋಗಿ ಕೆಮ್ಮುತ್ತಿದ್ದ. ಅವಳು ಪುಸ್ತಕದಿಂದ ತಲೆಯೆತ್ತಿ ನೋಡುತ್ತಿದ್ದಳು. ಏನು ಓದುತ್ತೀಯೇ ಎಂದರೆ, “ನಿನ್ನ ಕೆಮ್ಮಿಗೆ ಔಷಧ ಓದ್ತಿದೀನಿ, ಅಣ್ಣ,” ಎನ್ನುತ್ತಿದ್ದಳು. ಡಾಕ್ಟರಾಗುತ್ತಾಳೆಂದು ಅವನು ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ಬಂದ. ಕೊನೆಗೆ ನೋಡಿದರೆ ಅವಳು ಓದಿದ್ದು ಕೊಳೆತ ಎಲೆಯ ಮೇಲೆ ಬೆಳೆಯುವ ಬೂಷ್ಟನ್ನು.

ಆ ಬೂಷ್ಟಿನಿಂದಲೇ ಕಿಣ್ವ ತೆಗೆದಿದ್ದಳು. ಹುಲ್ಲಿನ ಗಟ್ಟಿ ನಾರಿಗೂ ಅದಕ್ಕೆ ಮೆತ್ತಿಕೊಂಡಿರುವ ಕಂದು ಲಿಗ್ನಿನ್‌ಗೂ ನಡುವೆ ಹೆಮಿಸೆಲ್ಯುಲೋಸ್ ಎಂಬುದೊಂದು ಕೂತಿರುತ್ತದೆ. ಎರಡನ್ನೂ ಬೆಸೆದು ಹಿಡಿದಿರುವುದು ಅದೇ. ಅದನ್ನು ಕತ್ತರಿಸಿದರೆ ಹಿಡಿತ ಸಡಿಲವಾಗಿ ಕಂದು ಬಣ್ಣ ಸಲೀಸಾಗಿ ಬಿಡುತ್ತದೆ, ಕ್ಲೋರಿನ್ ಅಷ್ಟೊಂದು ಬೇಕಾಗುವುದಿಲ್ಲ. ಕಾರ್ಖಾನೆಗೆ ಬಂದು ಅವಳು ಇದನ್ನೆಲ್ಲ ವಿವರಿಸಿದ ದಿನ ಬಾಯ್ಲರಿನವನು, “ಹಾಲಿಗೆ ಹೆಪ್ಪು ಹಾಕ್ದಂಗೆ ಅನ್ನಿ,” ಎಂದಿದ್ದ. “ಹೆಪ್ಪಿಗೆ ಜೀವ ಇರುತ್ತೆ. ಇದು ಬರೀ ಕತ್ತರಿ,” ಎಂದು ಅವಳು ತಿದ್ದಿದರೂ ಅವರು ಕೇಳಬೇಕಲ್ಲ. ಅಂದಿನಿಂದ ಅವಳು ಎಲ್ಲರಿಗೂ ಹೆಪ್ಪಿನಕ್ಕ.

ಮ್ಯಾನೇಜರರಿಗೆ ಮಾತ್ರ ಒಂದು ಅಂಜಿಕೆ. ಹಿಂದೆ ಯಾರೋ ತಂದ ಇಂಥದೇ ಸರಕು ಹೆಮಿಸೆಲ್ಯುಲೋಸ್ ಜೊತೆಗೆ ನಾರನ್ನೂ ತಿಂದುಹಾಕಿ, ಕಾಗದ ಮುಟ್ಟಿದರೆ ಹರಿಯುವಂತಾಗಿತ್ತು. “ಒಂದೇ ಒಂದು ತೊಟ್ಟಿ ಕೊಡ್ತೀನಿ. ನಾರು ಸೊರಗಿದ್ರೆ ಮತ್ತೆ ಈ ಮಾತು ಎತ್ತಬಾರದು,” ಎಂದಿದ್ದರು. ಅದಕ್ಕೇ ತಂಗಿ ಆಸ್ಪತ್ರೆಯ ಹಾಸಿಗೆಯಿಂದಲೇ ಅಣ್ಣನಿಗೆ ಹೇಳಿ ಕಳಿಸಿದ್ದಳು: ಎರಡು ಗಂಟೆ ಸಾಕು, ಅಷ್ಟಾದ ಕೂಡಲೇ ಬಿಸಿ ಏರಿಸಿ ಕಿಣ್ವದ ಕೆಲಸ ನಿಲ್ಲಿಸಿಬಿಡು. ಅವಳ ಇಡೀ ಬಾಳಿನ ದುಡಿಮೆ ಆ ಒಂದು ತೊಟ್ಟಿಯಲ್ಲಿತ್ತು.

ಕಾರ್ಖಾನೆಯವರದೊಂದು ಪದ್ಧತಿ. ತಮ್ಮವರು ತೀರಿಕೊಂಡರೆ, ಅವರ ಕೈ ಆಡಿದ ಯಂತ್ರವನ್ನು ಅಂದು ನಿಲ್ಲಿಸುತ್ತಾರೆ. ಮಾರನೆಯ ದಿನದವರೆಗೆ ಯಾರೂ ಮುಟ್ಟುವುದಿಲ್ಲ. ಹೆಪ್ಪಿನಕ್ಕನದು ಯಾವುದು ಎಂದು ಯೋಚಿಸಿದರು. ಎರಡನೇ ತೊಟ್ಟಿ ಅಲ್ಲದೆ ಇನ್ಯಾವುದು? ಉಗಿ ನಿಲ್ಲಿಸಿ, ಕಲಕುವುದನ್ನೂ ನಿಲ್ಲಿಸಿ, ಮೆಟ್ಟಿಲ ಮೇಲೆ ಹೂವಿಟ್ಟು, ತಲೆತಗ್ಗಿಸಿ ಮನೆಗೆ ಹೋದರು.

ಅಂತ್ಯಕ್ರಿಯೆ ಮುಗಿಸಿ ಮಾರನೆಯ ಬೆಳಿಗ್ಗೆ ದೊಡ್ಡಣ್ಣ ನೆಟ್ಟಗೆ ಅಲ್ಲಿಗೇ ಬಂದ. ಹೂವನ್ನು ಕಂಡ. ತೊಟ್ಟಿಯಲ್ಲಿ ಕೈಯದ್ದಿ ನೋಡಿದ. ತಿರುಳು ಬೆಚ್ಚಗೂ ಇಲ್ಲದೆ ತಣ್ಣಗೂ ಇಲ್ಲದೆ ಕಿಣ್ವದ ಸಮೇತ ಹಾಗೇ ಕೂತಿತ್ತು. ತಲೆಯೆತ್ತಿ ಸುತ್ತ ನಿಂತವರನ್ನು ನೋಡಿದ.

“ಯಾರಪ್ಪ ನಿಲ್ಸಿದ್ದು?”

“ಎಲ್ಲರೂ ಸೇರಿ, ದೊಡ್ಡಣ್ಣ,” ಎಂದ ಬಾಯ್ಲರಿನವನು. “ಅಕ್ಕನೇ ಹೋದ್ಮೇಲೆ ಅವರ ತೊಟ್ಟಿ ತಿರುಗ್ತಾ ಇದ್ರೆ ಚೆನ್ನಾಗಿರುತ್ತಾ?” ದೊಡ್ಡಣ್ಣನ ಮುಖ ನೋಡಿ ಒಂದು ಹೆಜ್ಜೆ ಹಿಂದೆ ಸರಿದ. “ಕೆಟ್ಟುಹೋಯ್ತಾ? ಹೊಟ್ಟೆಗೆ ಹಾಕ್ಕೊಳ್ಳಿ. ನಮಗೆ ಗೊತ್ತಾಗ್ಲಿಲ್ಲ.”

ದೊಡ್ಡಣ್ಣ ತೊಟ್ಟಿಯಿಂದ ಕೈ ತೆಗೆದು ಒರೆಸಿಕೊಂಡ. ಪ್ರೀತಿಯಿಂದ ಮಾಡಿದ್ದನ್ನು ಯಾವ ಬಾಯಲ್ಲಿ ಬೈಯುವುದು? ಹಿಂದೆಯೇ ಬಂದ ಮ್ಯಾನೇಜರರು ತೊಟ್ಟಿಗೆ ಇಣುಕಿ ನಿಟ್ಟುಸಿರಿಟ್ಟರು. “ಇಷ್ಟು ಹೊತ್ತು ನೆಂದಮೇಲೆ ಏನು ಉಳಿದಿರುತ್ತೆ? ಚೆಲ್ಲಿಬಿಡೋದೇ ವಾಸಿ. ನೀವು ಮನೆಗೆ ಹೋಗಿ, ದೊಡ್ಡಣ್ಣ.”

ಅಷ್ಟರಲ್ಲಿ ಪರೀಕ್ಷಾ ಕೋಣೆಯ ಹೆಂಗಸು ಸೆರಗು ಸಿಕ್ಕಿಸಿಕೊಂಡು ಬಂದಳು. ಬಾಯಿ ಜೋರು ಎಂದು ಹೆಸರಾದವಳು. “ಎಲ್ಲರೂ ಹಿಂಗೆ ಸುತ್ತ ನಿಂತ್ರೆ ನಾರು ಗಟ್ಟಿ ಆಗುತ್ತಾ? ಒಂದು ಚೊಂಬು ತಿರುಳು ತಂದ್ಕೊಡಿ. ಕೆಟ್ಟಿದ್ಯೋ ಇಲ್ವೋ ಅಂತ ನೋಡಿ ಆಮೇಲೆ ಅಳೋಣ.”

ಅವಳು ತಿರುಳನ್ನು ಜರಡಿಯ ಮೇಲೆ ಹರಡಿ, ನೀರು ಬಸಿದು, ಒತ್ತಿ, ಒಣಗಿಸಿ ಅಂಗೈಯಗಲದ ಹಾಳೆಗಳನ್ನು ಮಾಡುವವರೆಗೆ ದೊಡ್ಡಣ್ಣ ಬಾಗಿಲ ಬಳಿಯ ಸ್ಟೂಲಿನ ಮೇಲೆ ಕೂತಿದ್ದ. ದೇವರಲ್ಲಿ ಏನಾದರೂ ಬೇಡೋಣವೆಂದರೆ ಮನಸ್ಸಿಗೆ ಬಂದದ್ದು ಬೇಡಿಕೆಯಲ್ಲ. ತಟ್ಟೆಯ ಮುಂದೆ ಪುಸ್ತಕ ಹಿಡಿದು ಕೂತ ಆ ಮುಖ ಬಂತು. ಅಷ್ಟು ವರ್ಷ ಅದನ್ನು ಎದುರಿಗೆ ಇಟ್ಟುಕೊಟ್ಟಿದ್ದಕ್ಕೆ ಕೈಮುಗಿದ.

ಹೆಂಗಸು ಹಾಳೆಯನ್ನು ಎಳೆದು ಹರಿದು ಬಲ ಅಳೆಯುವ ಯಂತ್ರಕ್ಕೆ ಸಿಕ್ಕಿಸಿದಳು. ಮುಳ್ಳು ನೋಡಿದಳು. ಇನ್ನೊಂದು ಹಾಳೆ ಸಿಕ್ಕಿಸಿದಳು, ಮತ್ತೊಂದನ್ನೂ. ಆಮೇಲೆ ಮ್ಯಾನೇಜರರತ್ತ ತಿರುಗಿ, “ನೀವೇ ನೋಡಿ, ಸಾರ್. ನಾನು ಹೇಳಿದ್ರೆ ನಂಬಲ್ಲ,” ಎಂದಳು.

ಹೆಮಿಸೆಲ್ಯುಲೋಸ್ ಹೋದಷ್ಟು ತೂಕ ತುಸು ಇಳಿದಿತ್ತು. ನಾರು ಮಾತ್ರ ಎಂದಿನಷ್ಟೇ ಗಟ್ಟಿ. ಕತ್ತರಿ ರಾತ್ರಿಯೆಲ್ಲ ಕೂತು ಕತ್ತರಿಸಿದರೂ ಕತ್ತರಿಸಬೇಕಾದ್ದನ್ನು ಬಿಟ್ಟು ಇನ್ನೊಂದನ್ನು ಮುಟ್ಟಿರಲಿಲ್ಲ.

ಮ್ಯಾನೇಜರರು ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದರು. “ಎರಡು ಗಂಟೆಗೇ ತೆಗೆದಿದ್ರೆ, ಇನ್ನೊಂದು ಸಲ ನೋಡೋಣ, ಮತ್ತೊಂದು ಸಲ ನೋಡೋಣ ಅಂತ ಎಳೀತಿದ್ದೆ,” ಎಂದರು. “ರಾತ್ರಿಯೆಲ್ಲ ಬಿಡೋ ಧೈರ್ಯ ನಾನಂತೂ ಮಾಡ್ತಿರ್ಲಿಲ್ಲ. ಇನ್ಮೇಲೆ ಎಲ್ಲ ತೊಟ್ಟಿಗೂ ಇದನ್ನೇ ಹಾಕಿ. ಕ್ಲೋರಿನ್ ಇವತ್ತಿಂದಲೇ ಇಳಿಸಿ.”

“ಹಂಗಾದ್ರೆ ನಾವು ಮಾಡಿದ್ದೇ ಸರಿ ಆಯ್ತು,” ಎಂದ ಬಾಯ್ಲರಿನವನು ಮೆಲ್ಲಗೆ.

“ಸುಮ್ನಿರು ಮಾರಾಯ. ನೀನು ಹೋದಾಗ ಬಾಯ್ಲರ್ ಆರಿಸ್ತೀವಿ, ಎಲ್ಲರೂ ಚಳೀಲಿ ನಡುಗಲಿ,” ಎಂದಳು ಹೆಂಗಸು. ಹಾಗೆನ್ನುತ್ತಲೇ ಕಣ್ಣೊರೆಸಿಕೊಂಡಳು.

ದೊಡ್ಡಣ್ಣ ನಕ್ಕ, ನಗುತ್ತಲೇ ಅತ್ತ. ಬಾಯ್ಲರಿನವನ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡ. ಆಮೇಲೆ ಒಬ್ಬನೇ ಬಿಳುಪು ಮಾಡುವ ವಿಭಾಗಕ್ಕೆ ಹೋಗಿ, ಯಾರೂ ಇಲ್ಲದ ಮೂಲೆಯಲ್ಲಿ ನಿಂತು ತಲೆಬಾಗಿದ.

“ಸ್ವಾಮೀ, ಇಂಥವಳನ್ನು ನನ್ನ ಮನೆಯಲ್ಲಿ ಬೆಳೆಯಲು ಬಿಟ್ಟೆ, ಅದು ದೊಡ್ಡ ಮಾತು. ನಾನು ಅವಳನ್ನು ಸಾಕಿದೆ ಎಂದುಕೊಂಡಿದ್ದೆ, ಅವಳು ನಮ್ಮನ್ನೆಲ್ಲ ಸಾಕಿ ಹೋದಳು. ಕೊನೆಯ ದಿನಗಳಲ್ಲಿ ಬಹಳ ನೊಂದಿದ್ದಾಳೆ. ಇನ್ನು ಯಾವ ನೋವೂ ಅವಳ ಹತ್ತಿರ ಸುಳಿಯದಿರಲಿ. ನಿನ್ನ ಮಡಿಲಲ್ಲಿ ಅವಳಿಗೆ ಜಾಗ ಕೊಡು, ಶಾಂತಿ ಕೊಡು.”