ಮಲಗಲು ಹೆದರಿದವಳು

ಎಪ್ಪತ್ನಾಲ್ಕನೇ ಇಸವಿಯ ಮಾಗಿ. ಹರಿಯಬ್ಬೆ ಕಡೆಯ ಗೊಲ್ಲರಹಟ್ಟಿಯಲ್ಲಿ ಹೊತ್ತು ಮೂಡಿದರೂ ಮಂಜು ಹರಿದಿರಲಿಲ್ಲ. ಕುರಿರೊಪ್ಪದ ಮೂಲೆಯಲ್ಲಿ ಮರಿಗಳ ಗೂಡಿನ ಬಾಗಿಲು ತೆಗೆಯಲು ಬಗ್ಗಿದ ಚಿತ್ತಮ್ಮನಿಗೆ ಮೇಲೇಳಲು ಆಗಲಿಲ್ಲ. ಎದೆ ಡವಡವ ಹೊಡೆದುಕೊಂಡಿತು, ಕಣ್ಣಿಗೆ ಕತ್ತಲೆ ಕವಿಯಿತು, ಹಾಗೇ ಹಿಕ್ಕೆಯ ಮೇಲೆ ಕುಸಿದಳು.

ಗಂಡನನ್ನು ಕೂಗಬೇಕೆಂದು ಬಾಯಿ ತೆರೆದರೆ ಬರೀ ಗಾಳಿ ಬಂತು. ಜುಂಜಯ್ಯ ಹತ್ತು ಹೆಜ್ಜೆ ಆಚೆ ಮುಳ್ಳುಬೇಲಿ ಸರಿಸುತ್ತಾ ಕುರಿಗಳನ್ನು ಗದರಿಸುತ್ತಿದ್ದ. ಅವನ ಕೆಮ್ಮು ಕೂಡ ಕೇಳಿಸುತ್ತಿತ್ತು. ಮಂಜಿನಲ್ಲಿ ಆಳು ಮಾತ್ರ ಕಾಣದು. ಸಾಗುವ ಕುರಿಗಳ ಗೊರಸುಗಳು ಅವಳ ಸೆರಗು ತುಳಿದವು. ಇವನು ಹಿಂಡು ಹೊಡಕೊಂಡು ಹೊರಟೇಬಿಟ್ಟರೆ?

ತಾಯಿ ಕಾಣದ ಮರಿಯೊಂದು ಅವಳ ಮಗ್ಗುಲಲ್ಲೇ ನಿಂತು ಅರಚತೊಡಗಿತು. ಅದನ್ನು ಹುಡುಕಿಕೊಂಡು ಬಂದ ಜುಂಜಯ್ಯನ ಕಾಲಿಗೆ ಹೆಂಡತಿಯ ಕೈ ತಗುಲಿತು.

ಅವತ್ತೇ ಬಸ್ಸು ಹತ್ತಿಸಿ ಕರೆದೊಯ್ದ. ಹಿರಿಯೂರಿನ ಡಾಕ್ಟರಮ್ಮ ಅವಳ ಕಣ್ಣುರೆಪ್ಪೆ ಎಳೆದು ನೋಡಿ, ಬಾತ ಪಾದಗಳನ್ನು ಒತ್ತಿ, ಜುಂಜಯ್ಯನನ್ನು ಗದರಿದರು. "ಈಕೆ ಮೈಯಲ್ಲಿ ರಕ್ತವೇ ಇಲ್ಲ. ಸಂಕ್ರಾಂತಿ ತನಕ ನೀರು ಹೊರೋ ಹಾಗಿಲ್ಲ, ಕುರಿ ಹಿಂದೆ ಹೋಗೋ ಹಾಗಿಲ್ಲ. ಮಾತ್ರೆ ನುಂಗಿ, ಸೊಪ್ಪುಸದೆ ತಿಂದು ಮಲಗಬೇಕು."

ಮಲಗಬೇಕು ಎಂಬ ಮಾತೇ ಚಿತ್ತಮ್ಮನ ಜೀವ ಹಿಂಡಿತು. ಅವಳ ತಾಯಿಯೂ ಇಂಥದ್ದೇ ಮಾಗಿಯಲ್ಲಿ ಮಲಗಿದ್ದಳು. ನಾಲ್ಕನೇ ದಿನಕ್ಕೆ ಹೋಗಿಬಿಟ್ಟಳು. ಆಗ ಚಿತ್ತಮ್ಮನಿಗೆ ಒಂಬತ್ತು ವರ್ಷ. ಅಂದಿನಿಂದ ಜ್ವರ ಬಂದರೂ ಅವಳು ಹಗಲು ಹೊತ್ತು ನೆಲಕ್ಕೆ ಬೆನ್ನು ಕೊಟ್ಟವಳಲ್ಲ.

ಈಗ ಗುಡಿಸಲಲ್ಲಿ ಕಂಬಳಿ ಹೊದ್ದು ತನ್ನ ಉಸಿರನ್ನು ತಾನೇ ಕೇಳಿಸಿಕೊಳ್ಳುತ್ತಿದ್ದಳು. ಒಂದು ಉಸಿರು ತಡವಾದರೆ ದಿಗ್ಗನೆ ಎದ್ದು ಕೂರುವಳು. ರೆಪ್ಪೆ ಮುಚ್ಚಿದರೆ ಮತ್ತೆ ತೆರೆಯದೆಂದು ಸೂರಿನ ಗಳುಗಳನ್ನೇ ದಿಟ್ಟಿಸುವಳು. ಮೂರನೇ ದಿನ ತಡೆಯಲಾಗಲಿಲ್ಲ. ಅತ್ತೆ ಗಂಗಕ್ಕ ಹಿತ್ತಲಿಗೆ ಹೋದದ್ದೇ ಬಿಂದಿಗೆ ಹಿಡಿದು ಹೊರಟಳು. ಹೊಸ್ತಿಲು ದಾಟುವಷ್ಟರಲ್ಲಿ ಕಾಲು ನಡುಗಿ ಕುಸಿದಳು, ಬಿಂದಿಗೆ ಢಣಢಣ ಉರುಳಿತು.

ಗಂಗಕ್ಕ ಓಡಿಬಂದಳು. ಅವಳು ಬರೀ ಗಂಡನ ತಾಯಿಯಲ್ಲ, ಚಿತ್ತಮ್ಮನ ಅಪ್ಪನ ಒಡಹುಟ್ಟಿದ ಅಕ್ಕ.

"ಸಾಯಕ್ಕೆ ಹೊಂಟಿದ್ದೇನೇ?"

"ಮಲಗಿದ್ರೇ ಸಾಯ್ತೀನಿ ಅತ್ತೆ. ಅವ್ವ ಮಲಗಿದ್ಕೇ ಸತ್ತಿದ್ದು."

ಗಂಗಕ್ಕ ಅಲ್ಲೇ ಕುಕ್ಕರಿಸಿದಳು. "ಯಾರಂದ್ರು ನಿಂಗೆ? ನಾನು ಕಣ್ಣಾರೆ ಕಂಡಿಲ್ವಾ? ಕಾಲು ಹಿಂಗೇ ಬಾತಿದ್ರೂ ನಿಮ್ಮವ್ವ ಅಡವಿ ಅಲೆದ್ಲು. ನೋವು ಅಂತ ಬಾಯಿ ಬಿಡ್ಲಿಲ್ಲ. ನಿಲ್ಲಕ್ಕೇ ಆಗದಂಗಾದ ಮ್ಯಾಲೆ ಮಲಗಿದ್ಲು ಕಣೆ. ಒಂದು ತಿಂಗ್ಳು ಮುಂಚೆ ನಾನೇ ಹಿಡಿದು ಮಲಗ್ಸಿದ್ರೆ..."

ಚಿತ್ತಮ್ಮ ತನ್ನ ಬಾತ ಪಾದಗಳನ್ನು ನೋಡಿಕೊಂಡಳು. ಇಷ್ಟು ದಿನ ಮಲಗಲು ಹೆದರಿದವಳಿಗೆ ಈಗ ಏಳಲು ಹೆದರಿಕೆಯಾಯಿತು.

ದಿನಾ ಬಿಸಿಲೇರಿದ ಮೇಲೆ ಗಂಗಕ್ಕ ಅವಳ ಮೈಗೆ ಹರಳೆಣ್ಣೆ ತಿಕ್ಕಿ ಬಿಸಿನೀರು ಹೊಯ್ಯುವಳು. ಆಮೇಲೆ ರಾಗಿಮುದ್ದೆ, ನುಗ್ಗೆಸೊಪ್ಪಿನ ಸಾರು. ಬಿಸಿಲು ಕಾಯಿಸುತ್ತಾ ತಲೆ ಒಣಗಿಸಿಕೊಳ್ಳುವಾಗಲೂ ಚಿತ್ತಮ್ಮನ ಒಂದು ಕೈ ಎದೆಯ ಮೇಲೇ. ಒಂದು ದಿನ ಕಣ್ಣುಬಿಟ್ಟರೆ ಮಧ್ಯಾಹ್ನವೇ ಕಳೆದಿತ್ತು. ಎಷ್ಟು ಹೊತ್ತು ನಿದ್ದೆ ಹೋಗಿದ್ದಳೋ! "ಅತ್ತೇ!" ಎಂದು ಚೀರಿದಳು.

"ಇಲ್ಲೇ ಇದೀನಿ, ಮಲಗವ್ವ," ಎಂದಳು ಗಂಗಕ್ಕ. ಚಿತ್ತಮ್ಮ ಮತ್ತೆ ಮಲಗಿದಳು.

ಸಂಕ್ರಾಂತಿ ಹೊತ್ತಿಗೆ ಬಾವು ಇಳಿದಿತ್ತು. ಜುಂಜಯ್ಯ ಬಾಗಿಲಲ್ಲಿ ನಿಂತು, "ನಾಳೆಯಿಂದ ಕುರಿ ಹಿಂದೆ ಬರ್ತೀಯಾ?" ಎಂದ.

ಎದೆ ಮತ್ತೆ ಡವಗುಟ್ಟಿತು. ಗಂಡನಿಗೆ ಎಂದೂ 'ಆಗೋದಿಲ್ಲ' ಎಂದವಳಲ್ಲ. "ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಹೋಗ್ಲಿ. ಆಮ್ಯಾಲೆ ಬರ್ತೀನಿ," ಎಂದು ಬೈಗುಳಕ್ಕೆ ಕಾದಳು.

"ಆಗ್ಲೇಳು," ಎಂದು ಜುಂಜಯ್ಯ ಬುತ್ತಿ ಹೆಗಲಿಗೇರಿಸಿ ಹೊರಟ.