ತೋಳಿಗೆ ಗುರುತು ಹಾಕಿದವರು ಯಾರು?

1

ರಾತ್ರಿ. ಬಾಗಿಲು ಬಡಿದ ಸದ್ದು. ಯಾರು, ಏಕೆ, ಹೇಳುವುದಿಲ್ಲ.

(ಧಾರಾವಾಹಿ ಬರೆದು ಬರೆದು ಅಂಟಿದ ಚಟ. ಇನ್ನು ಹೇಗೆ ಆರಂಭಿಸಲಿ, ಓದುಗರೇ?)

"ಸರ, ರಾತ್ರಿ ಯಾರೂ ಬಂದಿಲ್ರೀ," ಎಂದು ನನ್ನ ಕಥಾನಾಯಕಿ ಗುರುದೇವಿ ನಡುವೆಯೇ ತಡೆದಳು. "ಚೇತನಾ ಬಂದಿದ್ದು ಮುಂಜಾನೆ. ಬಾಗಿಲಾ ತೆರದ ಇತ್ತು."

ಆಗಲಿ. ಆ ಕರಡು ಹರಿದೆ.

2

2004. ಹೆಗ್ಗನಹಳ್ಳಿಯಲ್ಲಿ ಅಕ್ಕಯ್ಯಮ್ಮನ ಟೈಲರಿಂಗ್ ಅಂಗಡಿ. ಗದಗದ ಕಡೆಯಿಂದ ಬಂದ ಗುರುದೇವಿ ವರ್ಷವಿಡೀ ಹುಕ್ಕು, ಗುಂಡಿಗಳನ್ನೇ ಹೊಲಿದು, ಕಳೆದ ವಾರವಷ್ಟೇ ಕತ್ತರಿ ಹಿಡಿಯುವ ಭಾಗ್ಯ ಪಡೆದಿದ್ದಳು. ಅವಳು ಕತ್ತರಿಸಿದ ಮೊದಲ ರೇಷ್ಮೆ ಬ್ಲೌಸು ಚೇತನಾಳದು. ನಾಳೆ ಚೇತನಾಳ ನಿಶ್ಚಿತಾರ್ಥ.

"ಆಂಟಿ, ತೋಳು ಗಿಡ್ಡ ಆಗಿದೆ!" ಎನ್ನುತ್ತಲೇ ಚೇತನಾ ಒಳಬಂದಳು.

ಅಕ್ಕಯ್ಯಮ್ಮ ಕೈ ಚಾಚಿದಳು. "ಕತ್ತರಿ ಇಲ್ಲಿ ಕೊಡಮ್ಮ ಗುರುದೇವಿ. ಇನ್ಮೇಲೆ ನಿಂಗೆ ಹುಕ್ಕೇ ಗತಿ."

"ನಾ ಗೆರಿ ಮ್ಯಾಲ ಕತ್ತರಿಸೀನ್ರೀ. ಗೆರಿ ನಂದಲ್ಲ."

ಹಾಗಾದರೆ ಗೆರೆ ಎಳೆದವರು? (ಇಲ್ಲಿ ಹಿನ್ನೆಲೆ ಸಂಗೀತವನ್ನು ನೀವೇ ಹಾಕಿಕೊಳ್ಳಿ.)

3

ಗುರುದೇವಿ ತೋಳಿನ ಹೊಲಿಗೆ ಬಿಚ್ಚಿ ಟೇಪು ಇಟ್ಟಳು. ಅಳತೆಯ ಮೇಲೆ ಹೊಲಿಗೆಗೆ ಅರ್ಧ, ಮಡಿಕೆಗೆ ಮುಕ್ಕಾಲು ಇಂಚು ಹೆಚ್ಚು ಬಿಡುವುದು ಈ ಅಂಗಡಿಯ ರೂಢಿ. ಬಿಟ್ಟದ್ದು ಒಟ್ಟು ಮುಕ್ಕಾಲೂ ಇಲ್ಲ! ಇಂಚಿಗೆ ಎಂಟು ಮನೆಯ ಆ ಟೇಪಿನಲ್ಲಿ ಗುರುತು ಎರಡು ಗೆರೆಗಳ ನಡುವೆ ಬಿದ್ದಿತ್ತು. ಟೇಪು ನೋಡಿ ಅಳೆದವರು ಹಾಗೆ ಹಾಕುವುದಿಲ್ಲ. ಯಾರೋ ಕಾಗದದಲ್ಲಿ ಲೆಕ್ಕ ಮಾಡಿದ್ದಾರೆ.

ಅಕ್ಕಯ್ಯಮ್ಮನ ಮಗಳು, ಬಿ.ಕಾಂ ಓದುವ ಕೀರ್ತನಾ, ಮೇಜಿನ ಮೇಲೆ ಸೀಮೆಸುಣ್ಣದಲ್ಲಿ ಬರೆದಳು. "4/6! 1/2ಕ್ಕೆ 3/4 ಸೇರಿಸೋವಾಗ ಮೇಲಿಂದಕ್ಕೆ ಮೇಲಿಂದು, ಕೆಳಗಿಂದಕ್ಕೆ ಕೆಳಗಿಂದು ಕೂಡಿದಾರೆ ಕಣಮ್ಮಾ."

ಗುರುದೇವಿ ನಕ್ಕಳು. "ಮುಕ್ಕಾಲಿಗೆ ಅರ್ಧ ಕೂಡಿಸಿದ್ರ ಮುಕ್ಕಾಲಿಗಿಂತ ಕಮ್ಮಿ ಆಗ್ತದೇನ್ರೀ?"

"ಛೇದ ಬೇರೆ ಇದ್ರೆ ಮೊದ್ಲು ಒಂದೇ ಮಾಡ್ಕೋಬೇಕು. 1/2 ಅಂದ್ರೆ 2/4. ಅದಕ್ಕೆ 3/4 ಸೇರಿಸಿದ್ರೆ 5/4."

"ಅಂದ್ರ ಒಂದೂಕಾಲು. ಈಗ ಎಷ್ಟು ಕಮ್ಮಿ ಬಿತ್ತು?"

"5/4ರಲ್ಲಿ 4/6, ಅಂದ್ರೆ 2/3 ಕಳೀಬೇಕು. ನಾಲ್ಕಕ್ಕೂ ಮೂರಕ್ಕೂ ಹೊಂದೋದು ಹನ್ನೆರಡು. 15/12ರಲ್ಲಿ 8/12 ಹೋದ್ರೆ 7/12."

"ಟೇಪಿನ್ಯಾಗ ಹನ್ನೆರಡು ಮನಿ ಎಲ್ಲಿ ಅದಾವ್ರೀ? ಅರ್ಧದ ಮ್ಯಾಲ ಒಂದು ಮನಿ ಹಿಡದು ಜರಿ ಪಟ್ಟಿ ಕೂಡಿಸಿದ್ರ ಆತು. ಕತ್ತರಿ ಕೊಟ್ರ."

4

ಅಂತ್ಯ ಒಂದು: ಗುರುದೇವಿ ತಪ್ಪನ್ನು ತನ್ನ ತಲೆಗೆ ಕಟ್ಟಿಕೊಂಡು ಕಣ್ಣೀರಿಡುತ್ತಾಳೆ.

("ನಾ ಯಾಕ ಅಳಲಿ? ಬರಿಯಾಕ ಬರಲಿಲ್ಲಂತ ನೀವ ಅಳ್ರೀ." ಹೊಡೆದು ಹಾಕಿದೆ.)

ಅಂತ್ಯ ಎರಡು: ಅಂಗಡಿಯಲ್ಲಿ ಕಾಗದದ ಲೆಕ್ಕ ಬಲ್ಲವಳು ಕೀರ್ತನಾ ಒಬ್ಬಳೇ, ಅವಳೇ ಅಪರಾಧಿ. (ಛೇದ ಬಲ್ಲವಳು ಹಾಗೆ ಕೂಡುವಳೇ? ಇದೂ ಬಿತ್ತು.)

ಅಷ್ಟರಲ್ಲಿ, ನನ್ನ ಅಪ್ಪಣೆಗೆ ಕಾಯದೆ, ಅಕ್ಕಯ್ಯಮ್ಮ ಕತ್ತರಿಯನ್ನು ಗುರುದೇವಿಯ ಕಡೆಗೆ ಸರಿಸಿದಳು.

"ತಗೋಳಮ್ಮ, ಪಟ್ಟಿ ನೀನೇ ಕತ್ತರಿಸು. ಇನ್ಮೇಲೆ ಗೆರೆನೂ ನೀನೇ ಎಳಿ. ಕೀರ್ತನಾ, ಆ ಹನ್ನೆರಡು ಹೆಂಗೆ ಬಂತು? ಇನ್ನೊಂದ್ಸಲ ಹೇಳೇ."

ಪಟ್ಟಿ ಒಪ್ಪಿತೇ, ನಿಶ್ಚಿತಾರ್ಥ ಹೇಗಾಯಿತು, ಬರೆಯಲಾರೆ. ಗುರುದೇವಿ ಇನ್ನೂ ಕತ್ತರಿಸುತ್ತಿದ್ದಾಳೆ. ಗೆರೆ ಎಳೆದವರ ಹೆಸರೊಂದನ್ನು ಹೇಳಿಬಿಡುತ್ತೇನೆ.

ಮಗಳ ಹಳೆಯ ಗಣಿತ ಪುಸ್ತಕ ತೆರೆದು, ಯಾರಿಗೂ ಹೇಳದೆ, ಐವತ್ತು ದಾಟಿದ ಮೇಲೆ ಭಿನ್ನರಾಶಿ ಕಲಿಯಹೊರಟ ಅಕ್ಕಯ್ಯಮ್ಮ.