ತುಪ್ಪ ಹಾಕಿದ ಪೊಂಗಲ್

ಕಲಗಚ್ಚಿನ ಬಕೆಟ್ಟಿಗೆ ಕೈ ಹಾಕಿ ಭಾರತಮ್ಮ ಪೊಂಗಲ್ ಕಲಸುತ್ತಿದ್ದಾಗಲೇ ಹಿತ್ತಿಲ ಬಾಗಿಲು ಕಿರ್ರೆಂದಿತು. ತಲೆ ಎತ್ತಿದರೆ ಪಕ್ಕದ ಮನೆಯ ಆದಿಲಕ್ಷ್ಮಮ್ಮ! ಒಂದು ಕೈಯಲ್ಲಿ ಅರಿಸಿನ ಕುಂಕುಮದ ತಟ್ಟೆ, ಇನ್ನೊಂದರಲ್ಲಿ ಕಬ್ಬಿನ ತುಂಡು. ಸಂಕ್ರಾಂತಿಯ ದಿನ ಲಕ್ಕೂರಿನ ಆ ಬೀದಿಯಲ್ಲಿ ಕೊಂಬಿಗೆ ಬಣ್ಣ ಕಾಣದೆ ನಿಂತ ಹಸು ಎಂದರೆ ಭಾರತಮ್ಮನದೊಂದೇ. ಅವಳು ಕ್ರೈಸ್ತರ ಸಭೆಗೆ ಸೇರಿದ ವಿಶ್ವಾಸಿ, ಸರಿ. ಆದರೆ ಮೂಕಪ್ರಾಣಿಗೆ ಯಾವ ಸಭೆ? ಹಣೆಗಿಷ್ಟು ಕುಂಕುಮ ಇಟ್ಟುಹೋಗೋಣವೆಂದು ಈಕೆ ಬಂದಿದ್ದಳು.

ಬಕೆಟ್ಟಿನ ಬೂದು ನೀರಿನ ಮೇಲೆ ದ್ರಾಕ್ಷಿ, ಗೋಡಂಬಿ ತೇಲುತ್ತಿದ್ದವು. ಸ್ವಲ್ಪ ಹೊತ್ತಿಗೆ ಮುಂಚೆ ಆದಿಲಕ್ಷ್ಮಮ್ಮನೇ ಡಬ್ಬಿಯಲ್ಲಿ ತಂದುಕೊಟ್ಟಿದ್ದ ಸಿಹಿ ಪೊಂಗಲ್ಲಿನವು ಅವು.

"ಅದು ನಂದಲ್ವಾ?" ಎಂದಳು ಆದಿಲಕ್ಷ್ಮಮ್ಮ.

ಭಾರತಮ್ಮ ಬಕೆಟ್ಟಿನಿಂದ ಕೈ ತೆಗೆಯಲಿಲ್ಲ. ತೆಗೆದು ಎಲ್ಲಿಡಬೇಕು?

"ಪ್ರತಿ ಸಲಾನೂ ಹಿಂಗೇನಾ?"

"ಆದಿಲಕ್ಷ್ಮೀ, ಕೇಳಿಲ್ಲಿ..."

"ಹಸುಗೇ ಅಂತ ಮೊದ್ಲೇ ಹೇಳಿದ್ರೆ ತುಪ್ಪ ಯಾಕಕ್ಕಾ ಹಾಕ್ತಿದ್ದೆ?"

ಅಷ್ಟೇ. ಕುಂಕುಮವನ್ನೂ ಇಡದೆ ಬಂದ ದಾರಿಯಲ್ಲೇ ಹೊರಟುಹೋದಳು.

ಭಾರತಮ್ಮ ಕೆಟ್ಟವಳಲ್ಲ. ವಿಗ್ರಹದ ಮುಂದೆ ಇಟ್ಟದ್ದನ್ನು ಬಾಯಿಗಿಡಬಾರದೆಂದು ಸಭೆಯಲ್ಲಿ ಕಟ್ಟಳೆ. ಬೇಡವೆಂದರೆ ನೆರೆಯವರಿಗೆ ನೋವು, ತಿಂದರೆ ಕರ್ತನಿಗೆ ನೋವು. ನಡುವೆ ಸಿಕ್ಕಿಕೊಂಡ ವಿಶ್ವಾಸಿ ಹೆಂಗಸರು ಒಂದು ದಾರಿ ಕಂಡುಕೊಂಡಿದ್ದರು. ನಗುನಗುತ್ತ ಇಸಿದುಕೊಳ್ಳುವುದು, ಹಿತ್ತಿಲಿಗೆ ಹೋಗಿ ಹಸುವಿಗೆ ಹಾಕುವುದು. ಹಸು ಇಲ್ಲದವರು ಕೋಳಿಗೆ. ಮಾರನೆಯ ದಿನ ತೊಳೆದ ಡಬ್ಬಿ ಹಿಂದಿರುಗಿಸುತ್ತ "ಏನ್ ಚೆನ್ನಾಗಿತ್ತು ಕಣೇ!" ಅನ್ನುವುದು. ಸುಳ್ಳಾಡಬಾರದು ಎನ್ನುವುದೂ ಕಟ್ಟಳೆಯೇ; ಅದೇಕೋ ಹಿತ್ತಿಲ ತನಕ ಬರುತ್ತಿರಲಿಲ್ಲ.

ಫ್ಯಾಕ್ಟರಿಯ ಶಿಫ್ಟು ಮುಗಿಸಿ ಬಂದ ಗಂಡ ಕದಿರೇಶನಿಗೆ ವಿಷಯ ತಿಳಿದು ನಗು ತಡೆಯಲಾಗಲಿಲ್ಲ. "ನಿನ್ನ ಹಸು ಪುಣ್ಯ ಮಾಡೈತೆ ಬಿಡು. ಗೋಡಂಬಿ ಗೀಡಂಬಿ ಎಲ್ಲಾ ಅದಕ್ಕೇ" ಎಂದ. ಹೆಂಡತಿಯ ಮುಖ ನೋಡಿ ದನಿ ಇಳಿಸಿದ. "ಅಲ್ವೇ, ಡೆಂಗೀ ಬಂದು ನೀನು ಮಲಗಿದ್ದಾಗ ಗಂಜಿ ಕಾಯಿಸ್ಕೊಂಡು ಬಂದೋಳು ಅವಳೇ ತಾನೆ? ಅವಳ ಮನೇಲಿ ನೀರೂ ದೇವ್ರಿಗೆ ತೋರಿಸ್ದೆ ಹೊರಗೆ ಬರಲ್ಲ. ಆ ಗಂಜಿ ಹೆಂಗೆ ಬಂದಿರುತ್ತೆ?"

ಭಾರತಮ್ಮ ಆ ದಿನಗಳನ್ನು ಒಂದೊಂದಾಗಿ ನೆನೆದಳು. ಇಷ್ಟು ವರ್ಷ ಇದು ತನಗೇಕೆ ಹೊಳೆಯಲಿಲ್ಲ?

ಸಂಜೆಯವರೆಗೆ ಅವಳಿಗೆ ಒಳಗೂ ಸಮಾಧಾನವಿಲ್ಲ, ಹೊರಗೂ ಇಲ್ಲ. ಹೋಗಿ ಕ್ಷಮೆ ಕೇಳಿದರೆ ಸಾಲದು, ಅವಳ ಮನೆಯ ತುತ್ತು ಉಣ್ಣಬೇಕು. ಉಂಡರೆ ಭಾನುವಾರ ಕರ್ತನ ಮೇಜು, ಅವನ ನೆನಪಿಗೆ ಸಭೆಯಲ್ಲಿ ಹಂಚುವ ರೊಟ್ಟಿ, ತಪ್ಪುತ್ತದೆ. ಅಂಥವರಿಗೆ ಪ್ರಾರ್ಥನೆಯ ಹಾಲ್‌ನಲ್ಲಿ ಹಿಂದೆ ಬೇರೆಯೇ ಒಂದು ಚಾಪೆ. ರೊಟ್ಟಿಯ ತಟ್ಟೆ ಅಲ್ಲಿಗೆ ಹೋಗುವುದಿಲ್ಲ. ಒಂದೇ ಒಂದು ಮಗುವನ್ನು ಮಣ್ಣಿಗಿಟ್ಟು ಬಂದು, ಬದುಕೇ ಬೇಡವೆಂದು ಕೂತಿದ್ದವಳನ್ನು ಎಬ್ಬಿಸಿ ನಿಲ್ಲಿಸಿದ್ದೇ ಆ ರೊಟ್ಟಿಯ ಚೂರು. ಅದಿಲ್ಲದ ಭಾನುವಾರವನ್ನು ನೆನೆಯಲೂ ಅವಳಿಂದಾಗುತ್ತಿರಲಿಲ್ಲ. ಆದರೂ ದೀಪ ಹಚ್ಚುವ ಹೊತ್ತಿಗೆ ಎದ್ದು ಪಕ್ಕದ ಮನೆಗೆ ಹೋದಳು.

ಆದಿಲಕ್ಷ್ಮಮ್ಮ ಅವರೆಕಾಯಿ ಬಿಡಿಸುತ್ತ ಕೂತಿದ್ದಳು. ತಲೆ ಎತ್ತಲಿಲ್ಲ. ಭಾರತಮ್ಮನೂ ಎದುರಿಗೆ ಕೂತು ಒಂದು ಹಿಡಿ ಕಾಯಿ ಎಳೆದುಕೊಂಡಳು.

"ನನ್ನ ಕಾಯಿಲೇಲಿ ಗಂಜಿ ತರ್ತಿದ್ಯಲ್ಲ, ಅದೂ ದೇವ್ರ ಮುಂದೆ ಇಟ್ಟೇನಾ?"

"ಇಡದೆ ಎಂದಾದ್ರೂ ತಂದಿದ್ದೀನಾ? ಆ ಯಮ್ಮನ್ನ ಉಳಿಸಪ್ಪಾ ಅಂತ ಕೈ ಮುಗಿದೇ ತರ್ತಿದ್ದೆ. ಯಾಕೆ, ಈಗ ಅದನ್ನೂ ಕಕ್ಕಬೇಕಾ?"

ಭಾರತಮ್ಮನಿಗೆ ಅಳು ನುಗ್ಗಿ ಬಂತು. ಸೆರಗಿನಿಂದ ಮೂಗು ಒರೆಸಿಕೊಂಡು, "ತಪ್ಪಾಯ್ತು ಕಣೇ. ಪೊಂಗಲ್ ಏನಾದ್ರೂ ಮಿಕ್ಕಿದೆಯಾ?" ಎಂದಳು.

"ತಳದ್ದಿದೆ. ಸೀದೋಗಿದೆ."

"ಅದನ್ನೇ ಹಾಕು."

"ನಿಮ್ಮ ಪಾಸ್ಟರಿಗೆ ಗೊತ್ತಾದ್ರೆ?"

"ನಾನೇ ಹೇಳ್ತೀನಿ."

ತಟ್ಟೆ ಬಂದ ಮೇಲೆ ಭಾರತಮ್ಮ ಕಣ್ಣು ಮುಚ್ಚಿ ತನ್ನ ಕರ್ತನಿಗೆ ಸ್ತೋತ್ರ ಹೇಳಿ ತುತ್ತು ಎತ್ತಿದಳು. ಮುನಿಸು ಬಿಡದ ಆದಿಲಕ್ಷ್ಮಮ್ಮ ಅದು ಗಂಟಲಲ್ಲಿ ಇಳಿಯುವ ತನಕ ಬಿಟ್ಟ ಕಣ್ಣು ಬಿಟ್ಟಂತೆ ನೋಡಿದಳು. ಆಮೇಲೆ ಎದ್ದುಹೋಗಿ ತುಪ್ಪದ ಗಿಂಡಿ ತಂದಳು.

ಭಾನುವಾರ ತಗಡಿನ ಶೀಟಿನ ಪ್ರಾರ್ಥನೆಯ ಹಾಲ್ ತುಂಬಿತ್ತು. ಪಾಸ್ಟರ್ ಅಮರನಾಥ್ ಮಾಲೂರಿನಿಂದ ಬೈಕಿನಲ್ಲಿ ಬರುತ್ತಿದ್ದರು. ಒರಟು ಮನುಷ್ಯರಲ್ಲ, ಕಟ್ಟಳೆ ಸಡಿಲವಾದರೆ ಕೈಗೆ ಬಂದ ಕುರಿಗಳು ಚದುರಿಹೋಗುತ್ತವೆಂದು ನಿಜವಾಗಿಯೂ ಹೆದರುತ್ತಿದ್ದವರು. ರೊಟ್ಟಿ ಮುರಿಯುವ ಮುನ್ನ ಎಂದಿನಂತೆ, "ಹಬ್ಬದ ಊಟ ಉಂಡವರು ದಯವಿಟ್ಟು ಹಿಂದೆ ಕೂತ್ಕೊಳ್ಳಿ" ಎಂದರು.

ಶೋಭಾರಾಣಿ ಎದ್ದಳು. ಹೊಸದಾಗಿ ಸಭೆಗೆ ಬರುತ್ತಿದ್ದ ಹುಡುಗಿ. ಮಾಸ್ತಿಯ ತವರಿನಲ್ಲಿ ಹಬ್ಬಕ್ಕೆ ಅಮ್ಮ ಬಡಿಸಿದ್ದನ್ನು ಉಂಡು ಬಂದಿದ್ದಳು. ದೀಪಾವಳಿ ಮುಗಿದಾಗಲೂ ಹೀಗೇ ಎದ್ದಿದ್ದವಳು. ಆಗ ತೋಳು ಹಿಡಿದು ಹಿಂದಿನ ಚಾಪೆಗೆ ಕರೆದೊಯ್ದು ಕೂರಿಸಿದ್ದು ಬೇರೆ ಯಾರೂ ಅಲ್ಲ, ಇದೇ ಭಾರತಮ್ಮ. ಈಗ ಹುಡುಗಿ ಒಬ್ಬಳೇ ತಲೆ ತಗ್ಗಿಸಿ ಹೋಗಿ ಕೂತಳು.

ಮುಂದಿನ ಸಾಲಿನಲ್ಲಿ ಭಾರತಮ್ಮ ಎದ್ದು ನಿಂತಳು.

"ನಾನೂ ಉಂಡೆ ಅಯ್ಯಾ."

"ನೀವಾ ಅಮ್ಮಾ?" ಪಾಸ್ಟರು ಗಾಬರಿಯಾದರು. "ಗೊತ್ತಿಲ್ದೆ ತಿಂದ್ರೇನೋ..."

"ಗೊತ್ತಿದ್ದೇ. ಕೇಳಿ ಹಾಕಿಸ್ಕೊಂಡೆ. ಕರ್ತನಿಗೆ ಸ್ತೋತ್ರ ಹೇಳಿ ಉಂಡೆ. ಅದಕ್ಕೆ ಕ್ಷಮೆ ಕೇಳಲ್ಲ. ಇಷ್ಟು ವರ್ಷ ಚೆನ್ನಾಗಿತ್ತು ಅಂತ ಸುಳ್ಳು ಹೇಳಿ ಹಸುಗೆ ಸುರಿದ್ನಲ್ಲ, ಅದಕ್ಕೆ ಕೇಳ್ತೀನಿ."

ಹೆಂಗಸರ ಸಾಲಿನಲ್ಲಿ ಒಬ್ಬಿಬ್ಬರು ಸೆರಗನ್ನು ಬಾಯಿಗೆ ಒತ್ತಿಕೊಂಡರು. ಅವರ ಮನೆಗಳಲ್ಲೂ ಹಸುಗಳಿದ್ದವು.

"ಹಿಂದೆ ಹೋಗಿ ಅಮ್ಮಾ. ಕಟ್ಟಳೆ ಎಲ್ರಿಗೂ ಒಂದೇ."

"ಕಟ್ಟಳೆ ನೋಡೋದಾದ್ರೆ ನಾವ್ಯಾರೂ ಈ ಮೇಜಿನ ಹತ್ರ ಬರೋ ಹಾಗಿಲ್ಲ ಅಯ್ಯಾ. ಕರ್ತ ಕರೆದ ಅಂತ ಬಂದ್ವಿ." ಅಷ್ಟು ಹೇಳಿ ಅವಳು ಕೂತ ಜಾಗದಲ್ಲೇ ಮತ್ತೆ ಕೂತಳು.

ಪಾಸ್ಟರು ಅವಳನ್ನು ಮತ್ತೆ ಏಳಿಸಲಿಲ್ಲ. ಆಮೇಲೆ ಪ್ರಾರ್ಥನೆ ಮಾಡಿ ರೊಟ್ಟಿ ಮುರಿದು ತಟ್ಟೆಯನ್ನು ಹೆಂಗಸರ ಸಾಲಿಗೆ ಕೊಟ್ಟರು. ತಟ್ಟೆ ಕೈಯಿಂದ ಕೈಗೆ ಬಂತು. ಪಕ್ಕದವಳು ಒಂದು ಗಳಿಗೆ ಅನುಮಾನಿಸಿ ಭಾರತಮ್ಮನ ಕೈಗಿಟ್ಟಳು. ಅವಳು ಒಂದು ಚೂರು ತೆಗೆದು ಬಾಯಿಗಿಟ್ಟುಕೊಂಡಳು. ಇನ್ನು ಆಚೆಯವಳಿಗೆ ದಾಟಿಸಬೇಕಿತ್ತು. ದಾಟಿಸಲಿಲ್ಲ. ತಟ್ಟೆ ಹಿಡಿದೇ ಎದ್ದು, ಸಾಲುಗಳ ನಡುವೆ ಹಿಂದಕ್ಕೆ ನಡೆದಳು. ಪಾಸ್ಟರು ತಡೆಯಲಿಲ್ಲ.

"ಬೇಡಕ್ಕಾ, ನಾನು..." ಎಂದು ಶೋಭಾರಾಣಿ ತಲೆ ಆಡಿಸಿದಳು.

ಭಾರತಮ್ಮ ಅದೇ ಚಾಪೆಯ ಮೇಲೆ ಮಂಡಿಯೂರಿ ಕೂತು ತಟ್ಟೆಯನ್ನು ಇಬ್ಬರ ನಡುವೆ ಇಟ್ಟಳು. ಹುಡುಗಿ ಸೆರಗಿಗೆ ಎರಡೂ ಕೈ ಒರೆಸಿಕೊಂಡಳು, ಇನ್ನೊಮ್ಮೆ ಒರೆಸಿಕೊಂಡಳು, ಆಮೇಲೆ ಅಂಗೈ ಚಾಚಿದಳು.